ಬಲೆಮನೆಯ ಲಾನ್‌ಫೆನ್ ಅತ್ತೆ

ನಮ್ಮ ದಡದ ಇಗರ್ಜಿಯನ್ನು ಹದಿನೈದು ವರ್ಷ ಎಲ್ಲರೂ ಬಲೆಮನೆ ಎಂದೇ ಕರೆದೆವು. ಈಗಲೂ ನನ್ನ ವಯಸ್ಸಿನವರು ಭಾನುವಾರ ಬೆಳಿಗ್ಗೆ ಬಾಯಿತಪ್ಪಿ ಬಲೆಮನೆಗೆ ಹೋಗಿ ಬರುತ್ತೇವೆ ಎನ್ನುವುದುಂಟು. ಮೊಮ್ಮಕ್ಕಳು ನಗುತ್ತಾರೆ. ನನಗೆ ಮಾತ್ರ ಆ ಹೆಸರಿನಲ್ಲಿ ತಪ್ಪೇನೂ ಕಾಣುವುದಿಲ್ಲ. ನಾನು ಸರಿಯಾಗಿ ಪ್ರಾರ್ಥನೆ ಕಲಿತದ್ದು ಅದು ಇಗರ್ಜಿಯಾಗಿದ್ದಾಗ ಅಲ್ಲ, ಬಲೆಮನೆಯಾಗಿದ್ದಾಗ.

ನಾವು ಚೀನಾದ ತಾಯ್‌ಹು ಸರೋವರದ ದೋಣಿಯ ಜನ. ಹುಟ್ಟು, ಅಡುಗೆ, ಮದುವೆ, ಸಾವು ಎಲ್ಲವೂ ನೀರಿನ ಮೇಲೆಯೇ. ನೆಲದ ಮೇಲೆ ನಮ್ಮದು ಅಂತ ಇದ್ದದ್ದು ಎರಡೇ. ನನ್ನ ಮುತ್ತಾತನ ಕಾಲದವರು ತಾವೇ ಇಟ್ಟಿಗೆ ಹೊತ್ತು ಕಟ್ಟಿದ ಇಗರ್ಜಿ, ಅದರ ಹಿಂದಿನ ಸ್ಮಶಾನ. ಉಳಿದಂತೆ ದಡಕ್ಕೆ ಹೋದರೆ ಊರಿನವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಮೀನು ಬೇಕು, ಮೀನಿನವರು ಬೇಡ.

ಲಾನ್‌ಫೆನ್ ಅತ್ತೆ ನನ್ನ ಅಪ್ಪನ ಅಕ್ಕ. ಹದಿನೆಂಟನೆಯ ವಯಸ್ಸಿನಲ್ಲಿ ಬಂದ ಗಂಡನ್ನು ಬೇಡವೆಂದು, ದೇವರಿಗೆ ಮುಡಿಪಾಗಿ ಇರುತ್ತೇನೆಂದು ಹಟ ಹಿಡಿದು, ಇಗರ್ಜಿಯ ಪಕ್ಕದ ಕೋಣೆಯಲ್ಲಿ ಉಳಿದುಬಿಟ್ಟಳು. ದೋಣಿಯ ಮಕ್ಕಳಿಗೆ ಅಕ್ಷರ, ಜಪ, ಹಾಡು ಕಲಿಸುವುದು ಅವಳ ಕೆಲಸ. ನನಗೆ ನಿಜವಾಗಿ ಅತ್ತೆಯಾದರೂ ಇಡೀ ದಡಕ್ಕೇ ಅವಳು ಅತ್ತೆ. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಹಾಗೆಯೇ ಕರೆಯುತ್ತಿದ್ದರು. ನಾನು ಮೂರು ವರ್ಷದವಳಿದ್ದಾಗ ಇಗರ್ಜಿಯಲ್ಲಿ ಪೂಜೆ ನಡೆಸುತ್ತಿದ್ದ ನಮ್ಮ ಗುರುಗಳನ್ನು ಹೊಸ ಸರ್ಕಾರದ ಪೊಲೀಸರು ಕರೆದುಕೊಂಡು ಹೋದರು. ಅವರ ಮುಖ ನನಗೆ ನೆನಪಿಲ್ಲ. ಅವರಾದ ಮೇಲೆ ಬೇರೆ ಗುರುಗಳು ಬರಲಿಲ್ಲ. ಹುಟ್ಟಿದ ಮಗುವಿಗೆ ದೀಕ್ಷಾಸ್ನಾನ ಮಾಡಿಸುವುದೂ ಸತ್ತವರ ತಲೆದೆಸೆಯಲ್ಲಿ ಕೂತು ಪ್ರಾರ್ಥಿಸುವುದೂ ಅತ್ತೆಯ ಪಾಲಿಗೆ ಬಂತು.

ಅವಳ ಶಿಷ್ಯರಲ್ಲೆಲ್ಲ ಗಟ್ಟಿ ಗಂಟಲಿನವನು ಷೆನ್ ತುಷೆಂಗ್. ಅವಳಿಗಿಂತ ಮೂರು ವರ್ಷ ಚಿಕ್ಕವನು. ಹೆರಿಗೆ ನೋವು ಬಂದಾಗ ಅವನ ತಾಯಿ ದಡದ ಮೇಲೆ ಸೌದೆ ಆಯುತ್ತಿದ್ದಳಂತೆ. ಅದಕ್ಕೇ ಮಣ್ಣಲ್ಲಿ ಹುಟ್ಟಿದವನು ಎಂಬ ಅರ್ಥದ ಆ ಹೆಸರು. ಗುರುಗಳು ರೊಟ್ಟಿ, ದ್ರಾಕ್ಷಾರಸ ಅರ್ಪಿಸುವ ಬಲಿಪೂಜೆಗೆ ಗಂಟೆ ಬಾರಿಸುತ್ತಿದ್ದವನು ಅವನೇ. ಗಂಡಸರ ಸಾಲಿನಲ್ಲಿ ಅವನ ದನಿ ಎದ್ದರೆ ಕಿಟಕಿಯ ಗಾಜು ಅದುರುತ್ತಿತ್ತು ಎಂದು ಅಮ್ಮ ಹೇಳುತ್ತಿದ್ದಳು. ಆಮೇಲೆ ಕಾಲ ಬದಲಾಯಿತು. ದೋಣಿಗಳೆಲ್ಲ ಸರ್ಕಾರದ ಸಾಮೂಹಿಕ ಕೂಟವಾದ ಕಮ್ಯೂನಿಗೆ ಸೇರಿ ಮೀನುಗಾರರ ದಳವಾದಾಗ ಓದು ಬಲ್ಲವನೆಂದು ತುಷೆಂಗನನ್ನು ಮುಖ್ಯಸ್ಥನನ್ನಾಗಿ ಮಾಡಿದರು. ಅವನು ಇಗರ್ಜಿಗೆ ಬರುವುದನ್ನು ಬಿಟ್ಟ. ಅತ್ತೆ ಎದುರಾದರೆ ದಾರಿ ಬದಲಿಸುತ್ತಿದ್ದ.

ಸಾವಿರದ ಒಂಬೈನೂರ ಅರವತ್ತಾರರ ಬೇಸಿಗೆಯಲ್ಲಿ, ಹಳೆಯ ನಂಬಿಕೆಗಳನ್ನೆಲ್ಲ ಅಳಿಸುತ್ತೇವೆಂದು ಪಟ್ಟಣದಿಂದ ತೋಳಿಗೆ ಕೆಂಪು ಪಟ್ಟಿ ಕಟ್ಟಿಕೊಂಡ ವಿದ್ಯಾರ್ಥಿಗಳು ಬಂದರು. ಶಿಲುಬೆಯನ್ನು ಹಗ್ಗ ಹಾಕಿ ಎಳೆದು ಕೆಡವಿದರು. ದೇವಮಾತೆಯ ಪ್ರತಿಮೆ, ಜಪದ ಪುಸ್ತಕ, ಪೀಠದ ಬಟ್ಟೆ ಎಲ್ಲವನ್ನೂ ದಡದ ಮೇಲೆ ರಾಶಿ ಹಾಕಿ ಸುಟ್ಟರು. ಆಮೇಲೆ ಮನೆಗೊಬ್ಬರಂತೆ ಕರೆದು, ಧರ್ಮ ಬಿಟ್ಟಿದ್ದೇವೆ ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ನನ್ನ ಅಪ್ಪ ಒತ್ತಿದ. ಎಲ್ಲರೂ ಒತ್ತಿದರು. ಒತ್ತಿ ಬಂದವರು ಒಬ್ಬರ ಮುಖ ಒಬ್ಬರು ನೋಡದೆ ತಮ್ಮ ತಮ್ಮ ದೋಣಿ ಹತ್ತಿದರು. ಆ ದಿನ ಯಾರೂ ಒಲೆ ಹಚ್ಚಲಿಲ್ಲ.

ಅತ್ತೆ ಒತ್ತಲಿಲ್ಲ. ಕಾಗದ ಮುಂದಿಟ್ಟವನು ತುಷೆಂಗನೇ. ಅವಳು ಅದನ್ನು ಪೂರ್ತಿ ಓದಿದಳು, ಮೂರನೆಯ ಸಾಲಿನಲ್ಲಿ ಒಂದಕ್ಷರ ತಪ್ಪಿದೆ ಎಂದು ತೋರಿಸಿದಳು, ಮಡಿಸಿ ಅವನ ಕೈಗೇ ಕೊಟ್ಟಳು. ಜನ ನಗು ತಡೆದುಕೊಳ್ಳಲು ಕೆಮ್ಮಿದರು. ಆ ನಗುವಿಗೆ ಅವಳು ಬೆಲೆ ತೆತ್ತಳು. ತಲೆಗೆ ಕಾಗದದ ಉದ್ದ ಟೋಪಿ, ಕೊರಳಿಗೆ ಹಲಗೆ ಹಾಕಿ ಮೂರು ದಿನ ದಡದುದ್ದಕ್ಕೂ ನಡೆಸಿದರು. ಆಮೇಲೆ ಇಗರ್ಜಿಯನ್ನು ದಳದ ಬಲೆಗಳನ್ನು ಹದ ಮಾಡುವ ಜಾಗವಾಗಿ ಮಾಡಿ, ಅಲ್ಲಿಯ ಅತಿ ಕೊಳಕು ಕೆಲಸವನ್ನು ಅವಳಿಗೆ ಹಚ್ಚಿದರು. ಹುಕುಮಿನ ಕೆಳಗೆ ತುಷೆಂಗನ ಸಹಿ ಇತ್ತು.

ಆ ಕೆಲಸ ಹೀಗಿತ್ತು. ನೂಲಿನ ಬಲೆ ನೀರಿನಲ್ಲಿ ಕೊಳೆಯಬಾರದೆಂದರೆ ಅದನ್ನು ಹಂದಿಯ ರಕ್ತದಲ್ಲಿ ನೆನೆಸಿ, ದೊಡ್ಡ ಮರದ ಹಂಡೆಯಲ್ಲಿ ಹಬೆಗೆ ಬೇಯಿಸಬೇಕು. ಪೀಠವಿದ್ದ ಜಾಗದಲ್ಲಿ ಒಲೆ ಕಟ್ಟಿದರು. ಅತ್ತೆ ಬೆಳಕು ಹರಿಯುವ ಮೊದಲು ಕಸಾಯಿಖಾನೆಗೆ ಹೋಗಿ ಕೊಡದಲ್ಲಿ ರಕ್ತ ಹೊತ್ತು ತರಬೇಕು. ಗಬ್ಬು ನಾತ. ಬೇಸಿಗೆಯಲ್ಲಿ ನೊಣ ಎಷ್ಟೆಂದರೆ ಗೋಡೆ ಕಪ್ಪಾಗಿ ಕಾಣುತ್ತಿತ್ತು. ನನಗೆ ಹದಿನಾಲ್ಕು ತುಂಬಿದ್ದರಿಂದ, ಅವಳ ಸಂಬಂಧಿ ಎಂಬ ಕಾರಣಕ್ಕೂ ಇರಬೇಕು, ನನ್ನನ್ನೂ ಅಲ್ಲಿಗೇ ಹಾಕಿದರು.

ಮೊದಲ ದಿನ ನಾನು ಬಾಗಿಲಲ್ಲೇ ವಾಂತಿ ಮಾಡಿಕೊಂಡೆ. ಅತ್ತೆ ನನ್ನ ಬೆನ್ನು ಸವರಿ, ಬಾಯಿ ತೊಳೆಯಲು ನೀರು ಕೊಟ್ಟಳು.

"ಗೆನ್‌ದಿ, ಇದ್ಯಾವ ಜಾಗ ಅಂತ ಗೊತ್ತಾ ನಿನಗೆ?" ಎಂದಳು. "ಇಗರ್ಜಿ ಕಣೆ. ಮುಂಚೆ ಭಾನುವಾರ ಮಾತ್ರ ಬರ್ತಿದ್ವಿ. ಈಗ ದಿನಾ ಬನ್ನಿ, ಬರದೇ ಇದ್ರೆ ಊಟ ಇಲ್ಲ ಅಂತ ಸರ್ಕಾರವೇ ಹೇಳಿದೆ. ಇನ್ನೇನು ಬೇಕು?"

ಅವಳು ಅದನ್ನು ತಮಾಷೆಗೆ ಹೇಳಿದಳೆಂದು ಆಗ ಅಂದುಕೊಂಡಿದ್ದೆ.

ಆ ಮೂರು ವರ್ಷಗಳನ್ನು ನೆನೆದರೆ ನನಗೆ ಈಗಲೂ ಎದೆ ಬೆಚ್ಚಗಾಗುತ್ತದೆ. ಹೇಳಿದರೆ ಯಾರೂ ನಂಬುವುದಿಲ್ಲ. ಹಂಡೆಯಿಂದ ಹಬೆ ಏಳುತ್ತಿರುತ್ತಿತ್ತು, ಹೊರಗೆ ಹಿಮಗಾಳಿ ಬೀಸಿದರೂ ಒಳಗೆ ಬೆವರು. ಹರಿದ ಬಲೆಗಳನ್ನು ತೊಡೆಯ ಮೇಲೆ ಹರಡಿಕೊಂಡು ನಾವಿಬ್ಬರೂ ಒಲೆಯ ಪಕ್ಕ ಕೂತು ಗಂಟು ಹಾಕುತ್ತಿದ್ದೆವು. ತಪಾಸಣೆಯವರು ಬರುತ್ತಿದ್ದುದು ಕಡಿಮೆ. ನಾತಕ್ಕೆ ಹೆದರಿ ಬಾಗಿಲಲ್ಲೇ ತಲೆ ಹಾಕಿ ಹೋಗುತ್ತಿದ್ದರು. ಅತ್ತೆ ತುಟಿ ಅಲುಗಿಸದೆ ಒಂದೊಂದೇ ಸಾಲು ಹೇಳಿಕೊಡುತ್ತಿದ್ದಳು, ನಾನು ತುಟಿ ಅಲುಗಿಸದೆ ಒಪ್ಪಿಸುತ್ತಿದ್ದೆ. ಪುಸ್ತಕಗಳೆಲ್ಲ ಬೂದಿಯಾಗಿದ್ದವು, ಅವಳ ತಲೆಯಲ್ಲಿ ಒಂದಕ್ಷರವೂ ಅಳಿಸಿರಲಿಲ್ಲ. ನಾನು ತಪ್ಪಿದರೆ ಬಲೆ ಹೆಣೆಯುವ ಬಿದಿರಿನ ಸೂಜಿಯಿಂದ ಮೊಣಕಾಲಿಗೆ ಕುಟ್ಟುತ್ತಿದ್ದಳು. ಮಧ್ಯಾಹ್ನ ಒಲೆಯ ಕೆಂಡದಲ್ಲಿ ಕೆಸುವಿನ ಗೆಡ್ಡೆ ಸುಟ್ಟು, ಸಿಪ್ಪೆ ಸುಲಿದು, ದೊಡ್ಡ ಭಾಗವನ್ನು ನನ್ನ ಕಡೆ ತಳ್ಳುತ್ತಿದ್ದಳು. ನನಗೆ ಹೊಟ್ಟೆ ತುಂಬಿದೆ ಎನ್ನುತ್ತಿದ್ದಳು. ಯಾವತ್ತೂ ತುಂಬಿರಲಿಲ್ಲ ಎಂದು ಈಗ ಗೊತ್ತು.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಮಾತೆಯ ಮನವಿಮಾಲೆ. ಹೆಂಗಸರು ಒಂದೊಂದು ಬಿರುದು ಹೇಳಿ ಮಾತೆಯನ್ನು ಕರೆಯುವುದು, ಗಂಡಸರು ನಮಗಾಗಿ ಬೇಡಿಕೋ ಎಂದು ಒಕ್ಕೊರಲಿನಿಂದ ಉತ್ತರ ಕೊಡುವುದು. ನಮ್ಮ ದೋಣಿಯವರ ಧಾಟಿ ಬೇರೆ. ಹುಟ್ಟು ಹಾಕುವ ಲಯಕ್ಕೆ ಕೂರುವಂಥದ್ದು. ಪಟ್ಟಣದ ಗುರುಗಳಿಗೆ ಅದು ಒರಟೆನಿಸುತ್ತಿತ್ತಂತೆ.

ಅರವತ್ತೊಂಬತ್ತರ ಶರತ್ಕಾಲದಲ್ಲಿ ತುಷೆಂಗನ ತಾಯಿ ಹಾಸಿಗೆ ಹಿಡಿದಳು. ಎಪ್ಪತ್ತು ದಾಟಿದ ಮುದುಕಿ. ಅವಳು ಔಷಧಿ ಬೇಡವೆಂದಳು, ಗಂಜಿ ಬೇಡವೆಂದಳು, ಅತ್ತೆಯನ್ನು ಕರೆಸು ಎಂಬ ಒಂದೇ ಮಾತನ್ನು ಹಿಡಿದುಕೊಂಡಳು. ಮಗ ಬೇರೆ ದಿಕ್ಕಿಗೆ ತಿರುಗಿ ಕೂತರೆ, ಆ ದಿಕ್ಕಿಗೆ ಹೊರಳಿ ಅದನ್ನೇ ಹೇಳುತ್ತಿದ್ದಳಂತೆ.

ಒಂದು ಬೆಳಿಗ್ಗೆ ಸರೋವರದ ಮೇಲೆ ಮಂಜು ಕವಿದಿದ್ದಾಗ ತುಷೆಂಗ್ ಬಲೆಮನೆಗೆ ಬಂದ. ಮೂರು ವರ್ಷದಲ್ಲಿ ಅವನು ಒಳಗೆ ಕಾಲಿಟ್ಟದ್ದು ಅದೇ ಮೊದಲು. ಒಲೆ ಇದ್ದ ಕಡೆ ನೋಡಲಿಲ್ಲ. ಅಂಗಳದಲ್ಲಿ ಬಲೆ ಒಣಹಾಕುತ್ತಿದ್ದ ಹೆಂಗಸರಿಗೂ ಕೇಳುವಂತೆ ಗಟ್ಟಿಯಾಗಿ, "ಪಾನ್ ಲಾನ್‌ಫೆನ್, ನನ್ನ ದೋಣಿಯ ಬಲೆ ಹರಿದಿದೆ. ಬಂದು ನೋಡು" ಎಂದ.

ಅತ್ತೆ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಕೈ ತೊಳೆದುಕೊಂಡಳು. ಮೊಣಕೈವರೆಗೂ ಉಜ್ಜಿ ಉಜ್ಜಿ ತೊಳೆದದ್ದು ಕಂಡಾಗಲೇ ಇದು ಬಲೆಯ ಕೆಲಸವಲ್ಲವೆಂದು ನನಗೆ ಅರ್ಥವಾಯಿತು. ಬಲೆ ಹಿಡಿಯಲು ಜೊತೆಗೆ ಬಾ ಎಂದು ನನ್ನನ್ನೂ ಕರೆದಳು.

ಮುದುಕಿ ದೋಣಿಯ ಒಳಗೂಡಿನಲ್ಲಿ ಹತ್ತಿಯ ರಜಾಯಿ ಹೊದ್ದು ಮಲಗಿದ್ದಳು. ತುಷೆಂಗ್ ಮಾತಿಲ್ಲದೆ ಹಗ್ಗ ಬಿಚ್ಚಿ, ಹಿಂಬದಿಯಲ್ಲಿ ನಿಂತು ಹುಟ್ಟು ಹಾಕಿದ. ದಡ ಮಂಜಿನಲ್ಲಿ ಮುಚ್ಚಿಹೋಯಿತು. ಸುತ್ತ ಬಿಳುಪು ಬಿಟ್ಟರೆ ಏನೂ ಇಲ್ಲ. ಸಾಕಷ್ಟು ದೂರ ಬಂದ ಮೇಲೆ ಅತ್ತೆ ಮುದುಕಿಯ ಕೈ ಹಿಡಿದು, ಅವಳು ಹೇಳಬೇಕಾದ ಪಶ್ಚಾತ್ತಾಪದ ಮಾತುಗಳನ್ನು ಕಿವಿಯ ಹತ್ತಿರ ಹೇಳಿದಳು. ಆಮೇಲೆ ಮನವಿಮಾಲೆ ಎತ್ತಿಕೊಂಡಳು. ಎಷ್ಟೋ ವರ್ಷಗಳ ಮೇಲೆ ಬಾಯಿ ಬಿಟ್ಟು ಹಾಡಿದಳು. ಅವಳಿಗೆ ಅಷ್ಟು ದೊಡ್ಡ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಉತ್ತರ ಕೊಡಬೇಕಾದವಳು ನಾನು. ಮೊದಲನೆಯದಕ್ಕೆ ತೊದಲಿದೆ, ಎರಡನೆಯದಕ್ಕೆ ದನಿಯೇ ಹೊರಡಲಿಲ್ಲ. ಆಗ ಹಿಂಬದಿಯಿಂದ ಉತ್ತರ ಬಂತು. ತುಷೆಂಗ್ ನಮಗೆ ಬೆನ್ನು ಮಾಡಿ ನಿಂತಿದ್ದ. ಹುಟ್ಟು ಒಮ್ಮೆ ತಳ್ಳುವಾಗ ಒಂದು ಉತ್ತರ, ಮತ್ತೊಮ್ಮೆ ತಳ್ಳುವಾಗ ಮತ್ತೊಂದು. ದನಿ ಒಡಕಾಗಿತ್ತು, ಆದರೆ ಎಲ್ಲೂ ತಪ್ಪಲಿಲ್ಲ. ಮುದುಕಿ ಕಣ್ಣು ಮುಚ್ಚಿಯೇ ನಕ್ಕಳು. ಮಧ್ಯಾಹ್ನದ ಹೊತ್ತಿಗೆ, ಮಂಜು ಹರಿಯುವ ಮೊದಲೇ, ಅವಳ ಉಸಿರು ನಿಂತಿತು.

ದಡ ಕಾಣಿಸಿದಾಗ ತುಷೆಂಗ್ ತೋಳಿನಿಂದ ಮುಖ ಒರೆಸಿಕೊಂಡು, "ಬಲೆ ಸರಿಹೋಯ್ತು ತಾನೆ?" ಎಂದ.

"ಸರಿಹೋಯ್ತು," ಎಂದಳು ಅತ್ತೆ.

ಇಬ್ಬರೂ ಮತ್ತೆ ಆ ವಿಷಯ ಎತ್ತಲಿಲ್ಲ. ಕೆಡಿಸಿದವಳು ನಾನು.

ಆ ಚಳಿಗಾಲ ಜಿಲ್ಲೆಯಿಂದ ಒಂದು ತನಿಖಾ ತಂಡ ಬಂದು ದಡದಲ್ಲಿ ಬೀಡುಬಿಟ್ಟಿತು. ಅದರಲ್ಲಿ ಫಾಂಗ್ ಎಂಬ ಯುವತಿಯೊಬ್ಬಳಿದ್ದಳು. ಕನ್ನಡಕ ಹಾಕಿಕೊಂಡಿದ್ದಳು, ಮೆತ್ತಗೆ ಮಾತಾಡುತ್ತಿದ್ದಳು, ಬಲೆಮನೆಯ ನಾತಕ್ಕೆ ಮೂಗು ಮುಚ್ಚಿಕೊಳ್ಳುತ್ತಿರಲಿಲ್ಲ. ನಮ್ಮ ಪಕ್ಕದಲ್ಲೇ ಕೂತು ಗಂಟು ಹಾಕಲು ಕಲಿತಳು. ನನಗೆ ಅವಳೆಂದರೆ ಇಷ್ಟವಾಗಿಬಿಟ್ಟಿತು. ಹದಿನೇಳು ವರ್ಷಕ್ಕೆ ಮೊದಲ ಸಲ ಪಟ್ಟಣದವಳೊಬ್ಬಳು ನನ್ನ ಜೊತೆ ಗೆಳತಿಯಂತೆ ಮಾತಾಡಿದ್ದಳು.

ಒಂದು ಮಧ್ಯಾಹ್ನ ರಕ್ತ ಸಾಲದೆ ಅತ್ತೆ ಮತ್ತೆ ತರಲು ಹೋಗಿದ್ದಾಗ ನಾನು ಗಂಟು ಹಾಕುತ್ತ ಮನವಿಮಾಲೆ ಗುನುಗುತ್ತಿದ್ದೆ. ಗುನುಗುತ್ತಿದ್ದೇನೆ ಎಂಬುದೇ ನನಗೆ ಗೊತ್ತಿರಲಿಲ್ಲ. ಫಾಂಗ್ ಒಂದು ಹಾಲಿನ ಮಿಠಾಯಿ ಕೊಟ್ಟು, ಧಾಟಿ ತುಂಬ ಚೆನ್ನಾಗಿದೆ, ಯಾರು ಕಲಿಸಿದರು ಎಂದು ಕೇಳಿದಳು. ನಮ್ಮತ್ತೆ ಎಂದೆ. ಅವಳಿಗೆ ಹಾಡಲು ಬರುತ್ತದೆಯೇ ಎಂದಳು. ಅದರಲ್ಲಿ ಅನುಮಾನ ಕಂಡು ನನಗೆ ರೋಷ ಬಂತು. ಬರದೆ ಏನು, ತುಷೆಂಗನ ಅಮ್ಮ ಸಾಯುವಾಗ ಅತ್ತೆ ಹಾಡಿದ್ದನ್ನು ಕೇಳಬೇಕಿತ್ತು ಎಂದೆ. ಮಾತು ಬಾಯಿಂದ ಬಿದ್ದ ಮೇಲೆ ಮಿಠಾಯಿ ನಾಲಿಗೆಯ ಮೇಲೆ ಮರಳಿನಂತಾಯಿತು. ಫಾಂಗ್ ಕೈಯಲ್ಲಿದ್ದ ಗಂಟನ್ನು ಮುಗಿಸಿ, ಎದ್ದು ಹೋದಳು.

ಮರುದಿನವೇ ಬಲೆಮನೆಯಲ್ಲಿ ಸಭೆ. ಹಂಡೆಯ ಮುಂದೆ ಅತ್ತೆಯನ್ನು ನಿಲ್ಲಿಸಿದರು. ದಳದ ಮುಖ್ಯಸ್ಥನಾದ್ದರಿಂದ ತುಷೆಂಗ್ ಮೇಜಿನ ಹಿಂದೆ ಕೂತಿದ್ದ. ಅವನ ಮುಖ ಸುಣ್ಣದಂತಾಗಿತ್ತು. ಮೂಢನಂಬಿಕೆಯ ಕೆಲಸ ನಡೆದದ್ದು ಯಾರ ದೋಣಿಯಲ್ಲಿ, ಅಲ್ಲಿ ಯಾರು ಯಾರಿದ್ದರು ಎಂದು ತಂಡದ ಹಿರಿಯ ಕೇಳಿದ. ತುಷೆಂಗ್ ಎದ್ದು ನಿಲ್ಲಲು ಮೇಜಿಗೆ ಕೈ ಊರಿದ್ದನ್ನು ನಾನು ನೋಡಿದೆ. ಅತ್ತೆಯೂ ನೋಡಿರಬೇಕು.

"ಮುಖ್ಯಸ್ಥರು ಕಮ್ಯೂನಿನ ಮೀಟಿಂಗಿಗೆ ಹೋಗಿದ್ರು," ಎಂದಳು, ಅವನು ಬಾಯಿ ತೆರೆಯುವ ಮೊದಲೇ. "ಬಲೆ ನೋಡೋ ನೆಪ ಹೇಳಿ ನಾನೇ ದೋಣಿ ಹತ್ತಿದೆ. ಈ ಹುಡುಗೀನ ನಾನೇ ಎಳ್ಕೊಂಡು ಹೋದೆ, ಅವಳಿಗೆ ಏನೂ ತಿಳೀದು. ಹಾಡಿದ್ದು ನಾನೊಬ್ಬಳೇ."

"ಉತ್ತರ ಕೊಟ್ಟೋರು ಯಾರು?" ಎಂದು ಆತ ಕೇಳಿದ. ವಿಷಯ ಚೆನ್ನಾಗಿ ಓದಿಕೊಂಡು ಬಂದಿದ್ದ.

"ಸಾಯೋ ಮುದುಕಿ," ಎಂದಳು ಅತ್ತೆ. "ಬೇಕಾದ್ರೆ ಅವಳನ್ನೇ ಕೇಳಿ."

ತುಷೆಂಗ್ ಮೇಜಿನಿಂದ ಕೈ ತೆಗೆದು ಕೂತೇ ಇದ್ದ. ಆ ದಿನ ಅವನ ಕರೆ ಕೇಳಿದ್ದ ಹೆಂಗಸರೂ ಅದನ್ನು ಹೊರಗೆ ಬಿಡಲಿಲ್ಲ. ಅತ್ತೆಗೆ ನಾಲ್ಕು ವರ್ಷ ಶ್ರಮಶಿಬಿರವೆಂದು ತೀರ್ಮಾನವಾಯಿತು. ಉತ್ತರದ ಕಡಲತಡಿಯ ಉಪ್ಪಿನ ಗದ್ದೆಗಳಿಗೆ ಅವಳನ್ನು ಲಾರಿ ಹತ್ತಿಸಿದರು. ನಾನು ಲಾರಿಯ ಹಿಂದೆ ಓಡಲೂ ಇಲ್ಲ. ಬಲೆಮನೆಯ ಗೋಡೆಗೆ ಮುಖ ಮಾಡಿ ಕೂತಿದ್ದೆ. ಆಮೇಲೆ ಎಷ್ಟೋ ತಿಂಗಳು ನನ್ನ ಬಾಯಿಂದ ಯಾವ ರಾಗವೂ ಹೊರಡಲಿಲ್ಲ.

ಆ ಕಾಲದಲ್ಲಿ ಕಾಗದವಿಲ್ಲದೆ ಎಲ್ಲಿಗೂ ಹೋಗುವಂತಿರಲಿಲ್ಲ. ಎರಡನೆಯ ವರ್ಷದ ವಸಂತದಲ್ಲಿ ತುಷೆಂಗ್ ನನ್ನನ್ನು ಕಚೇರಿಗೆ ಕರೆಸಿದ. ಕಡಲತಡಿಯ ಕಾರ್ಖಾನೆಯಿಂದ ಬಲೆಗೆ ಹುರಿ ತರಬೇಕು, ನೀನು ಹೋಗು ಎಂದು ಮೊಹರು ಹಾಕಿದ ಪರಿಚಯಪತ್ರ ಕೊಟ್ಟ. ಅಂಥ ಕಾರ್ಖಾನೆ ಅಲ್ಲಿ ಇರಲಿಲ್ಲ. ಜೊತೆಗೆ ಒಣಗಿಸಿದ ಬೆಳ್ಳಿಮೀನಿನ ಒಂದು ಚೀಲವನ್ನು ಮೇಜಿನ ಕೆಳಗಿನಿಂದ ನನ್ನ ಕಡೆ ತಳ್ಳಿದ. ನನ್ನ ಹೆಸರು ಹೇಳಬೇಡ ಎಂದ.

ಎರಡು ದಿನ ಬಸ್ಸು, ಅರ್ಧ ದಿನ ನಡಿಗೆ. ಶಿಬಿರದ ಕಾವಲಿನ ಕೋಣೆಯಲ್ಲಿ ಅತ್ತೆ ಬಂದು ಎದುರಿಗೆ ಕೂತಾಗ ನಾನು ಗುರುತು ಹಿಡಿಯಲಿಲ್ಲ. ಉಪ್ಪಿನ ಬಿಸಿಲಿಗೆ ಮುಖ ತೊಗಲಿನಂತಾಗಿತ್ತು, ಕೈ ಬೆರಳುಗಳ ಸಂದು ಸಂದೂ ಸೀಳಿತ್ತು. ಮೀನಿನ ಚೀಲ ಮೂಸಿ ನೋಡಿ, ಇದು ತುಷೆಂಗ್ ಒಣಗಿಸಿದ್ದು, ಚಿಕ್ಕಂದಿನಿಂದ ಅವನು ಉಪ್ಪು ಹೆಚ್ಚು ಹಾಕುವುದೇ, ಇಲ್ಲಿ ಸುತ್ತ ಇರುವುದೂ ಉಪ್ಪೇ ಎಂದಳು. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳನ್ನು ಒಮ್ಮೆಗೇ ಹೇಳಿಬಿಟ್ಟೆ. ಮಿಠಾಯಿಯ ವಿಷಯವನ್ನೂ ಬಿಡಲಿಲ್ಲ.

"ಗೊತ್ತು ಕಣೆ," ಎಂದಳು. "ವಿಚಾರಣೇಲಿ ಆ ಕನ್ನಡಕದ ಹುಡುಗಿ ಹೇಳಿದ್ಲು. ನಿಮ್ಮ ಸೋದರಸೊಸೆ ಒಂದು ಸ್ವರಾನೂ ತಪ್ಪದೆ ಹಾಡ್ತಾಳೆ ಅಂತ. ಲಾರೀಲಿ ಬರೋವಾಗೆಲ್ಲ ನಾನು ಅದನ್ನೇ ಯೋಚಿಸ್ತಾ ಬಂದೆ. ಮೂರು ವರ್ಷ ಹಂದಿ ರಕ್ತದ ನಡುವೆ ಕೂತು ಕಲಿಸಿದ್ದು ನೀರಿಗೆ ಹೋಗಲಿಲ್ಲ ಅಂತ."

"ನನ್ನಿಂದ ನೀನು ಇಲ್ಲಿ..."

"ಅಳಬೇಡ. ಟೈಮು ಹೋಗುತ್ತೆ. ಹತ್ತೇ ನಿಮಿಷ ಕೊಟ್ಟಿರೋದು. ಕೊನೇ ಭಾಗ ನಿನಗೆ ಹೇಳಿಕೊಟ್ಟಿರಲಿಲ್ಲ. ಕಿವಿ ಕೊಡು."

ಕಾವಲಿನವನು ಸಿಗರೇಟು ಹಚ್ಚಿಕೊಂಡು ಕಿಟಕಿಯತ್ತ ತಿರುಗಿದ. ಉಳಿದ ಸಮಯದಲ್ಲಿ ಅತ್ತೆ ತುಟಿ ಅಲುಗಿಸದೆ ಕೊನೆಯ ಸಾಲುಗಳನ್ನು ಹೇಳಿಕೊಟ್ಟಳು.

ಅವಳು ಎಪ್ಪತ್ತನಾಲ್ಕರಲ್ಲಿ ಹಿಂತಿರುಗಿ ಮತ್ತೆ ಬಲೆಮನೆಗೇ ಸೇರಿದಳು. ಆ ಹೊತ್ತಿಗೆ ನೈಲಾನಿನ ಬಲೆಗಳು ಬಂದು ರಕ್ತದ ಹಂಡೆ ಆರಿತ್ತು. ಎಂಬತ್ತೊಂದರಲ್ಲಿ ಸರ್ಕಾರ ಇಗರ್ಜಿಯನ್ನು ನಮಗೆ ಹಿಂದಿರುಗಿಸಿತು. ಒಳಗೆ ಹೋಗಿ ನೋಡಿದರೆ ನೆಲದ ಮೇಲೆ, ಗೋಡೆಯ ಮೇಲೆ ಒಣಗಿದ ರಕ್ತದ ಬೆರಳು ದಪ್ಪ ಕಪ್ಪು ಹೆಪ್ಪು. ಕೂಲಿಯವರು ಬಂದು ನೋಡಿ, ಆಗುವುದಿಲ್ಲವೆಂದು ಹೋದರು. ಮರುದಿನ ತುಷೆಂಗ್ ಒಂದು ಉಳಿ, ಒಂದು ಬಕೆಟ್ ಹಿಡಿದು ಬಂದ. ಯಾರೂ ಕರೆದಿರಲಿಲ್ಲ. ಅವನಿಗೆ ಆಗ ಐವತ್ತೇಳು, ಮುಖ್ಯಸ್ಥನ ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ನಲವತ್ತು ದಿನ ಮೊಣಕಾಲೂರಿ ಕೆರೆದ. ಜನ ಮಾತಾಡಿಸಿದರೆ ಹೂಂ ಎನ್ನುತ್ತಿದ್ದ. ಕೆಲವರು ಅವನಿಗೆ ಕೇಳುವಂತೆಯೇ ಆಡಿಕೊಂಡರು, ಕೆಡಿಸಿದವನೇ ತೊಳೆಯಲಿ ಎಂದು. ಅತ್ತೆ ಮಾತ್ರ ಮಧ್ಯಾಹ್ನ ಒಂದು ಬಟ್ಟಲು ಅನ್ನದ ಮೇಲೆ ಉಪ್ಪಿನಲ್ಲಿ ಊರಿಸಿದ ಸೊಪ್ಪು ಹಾಕಿ ಅವನ ಪಕ್ಕದಲ್ಲಿಟ್ಟು ಹೋಗುತ್ತಿದ್ದಳು.

ಇಪ್ಪತ್ತಾರು ವರ್ಷಗಳ ಮೇಲೆ ಮೊದಲ ಬಲಿಪೂಜೆ ನಡೆದ ದಿನ ಇಗರ್ಜಿ ಕಿಕ್ಕಿರಿದಿತ್ತು. ತುಷೆಂಗ್ ಹೊರಗೆ, ದೋಣಿ ಕಟ್ಟುವ ಕಂಬದ ಹತ್ತಿರ ನಿಂತಿದ್ದ. ಮನವಿಮಾಲೆ ಶುರುವಾದಾಗ ಗಂಡಸರ ಸಾಲಿನಿಂದ ದನಿಯೇ ಬರಲಿಲ್ಲ. ಹಳಬರು ಸತ್ತುಹೋಗಿದ್ದರು, ಹೊಸಬರಿಗೆ ತಿಳಿಯದು. ಅತ್ತೆ ಹಾಡುವುದನ್ನು ಅರ್ಧಕ್ಕೆ ನಿಲ್ಲಿಸಿ, ಎಲ್ಲರೂ ನೋಡುತ್ತಿದ್ದಂತೆ ಹೊರಗೆ ನಡೆದಳು.

"ಇಲ್ಲಿ ಏನು ಮಾಡ್ತಿದೀಯೋ ತುಷೆಂಗ್? ಒಳಗೆ ಗಂಡಸರೆಲ್ಲ ಮೀನಿನ ಹಾಗೆ ಬಾಯಿ ಬಿಟ್ಕೊಂಡು ಕೂತಿದಾರೆ."

"ನಾನು ಯಾವ ಮುಖ ಹೊತ್ತು ಬರಲಿ, ಅತ್ತೆ? ಆ ದಿನ ನಾನು ಎದ್ದು ನಿಲ್ಲಬೇಕಿತ್ತು."

"ನೀನು ಎದ್ದಿದ್ರೆ ಇಬ್ಬರೂ ಹೋಗ್ತಿದ್ವಿ. ಆಗ ಗೆನ್‌ದಿಗೆ ಕಾಗದ ಬರೆದುಕೊಡೋರು ಯಾರಿರ್ತಿದ್ರು? ನೀನು ಕೂತಿರ್ಲಿ ಅಂತಾನೇ ನಾನು ಹಾಗೆ ಹೇಳಿದ್ದು, ನೀನು ಕೂತೆ. ಈಗ ಬಾ ಅಂತಿದೀನಿ, ಬಾ."

ಅವನು ಬಂದ. ತಲೆ ತಗ್ಗಿಸಿ ಕೊನೆಯ ಬೆಂಚಿನಲ್ಲಿ ಕೂತ. ಮೊದಲ ಉತ್ತರ ಯಾರಿಗೂ ಕೇಳಿಸಲಿಲ್ಲ, ಹತ್ತನೆಯದರ ಹೊತ್ತಿಗೆ ಎಲ್ಲರಿಗೂ ಕೇಳಿಸಿತು.

ಈಗ ಅವರಿಬ್ಬರೂ ಇಲ್ಲ. ದೋಣಿಗಳೂ ಇಲ್ಲ. ಸರೋವರದಲ್ಲಿ ಮೀನು ಹಿಡಿಯುವುದು ನಿಂತು, ನಮಗೆಲ್ಲ ದಡದ ಮೇಲೆ ಆರು ಮಹಡಿಯ ಮನೆಗಳು ಸಿಕ್ಕಿವೆ. ಅಲುಗದ ನೆಲದ ಮೇಲೆ ಮಲಗುವುದು ಅಭ್ಯಾಸವಾಗಲು ನನಗೆ ಒಂದು ವರ್ಷ ಹಿಡಿಯಿತು. ಇಗರ್ಜಿಯಲ್ಲಿ ಹುಡುಗಿಯರು ಪಿಯಾನೋ ಬಾರಿಸಿ ಪಟ್ಟಣದ ಭಾಷೆಯಲ್ಲಿ ಚೆನ್ನಾಗಿಯೇ ಹಾಡುತ್ತಾರೆ.

ನನಗೆ ಹೆಚ್ಚು ನೆನಪಾಗುವುದು ಎಂಬತ್ತೆರಡರ ಮೇ ತಿಂಗಳು. ಶೇಶಾನ್ ಗುಡ್ಡದ ಮಾತೆಯ ಯಾತ್ರೆಗೆ ನಮ್ಮ ದಡದಿಂದ ಇಪ್ಪತ್ತೆರಡು ದೋಣಿ ಹೊರಟವು. ಎರಡು ದಿನದ ಕಾಲುವೆಯ ದಾರಿ. ಎರಡೂ ದಡಗಳಲ್ಲಿ ಸಾಸಿವೆಯ ಹೊಲ ಕಾಯಿ ಕಟ್ಟಿತ್ತು, ಹೆಂಗಸರು ದೋಣಿಯಿಂದ ದೋಣಿಗೆ ಜೊಂಡಿನೆಲೆಯ ಅಕ್ಕಿಗಡುಬು ಎಸೆದುಕೊಳ್ಳುತ್ತಿದ್ದರು, ಒಂದು ನೀರಿಗೆ ಬಿದ್ದರೆ ಇಪ್ಪತ್ತೆರಡು ದೋಣಿಯೂ ನಗುತ್ತಿತ್ತು. ಗುಡ್ಡ ಹತ್ತುವಾಗ ಅರವತ್ತು ದಾಟಿದ ಅತ್ತೆ ಎಲ್ಲರಿಗಿಂತ ಮುಂದಿದ್ದಳು. ಏದುಸಿರು ಬಿಡುತ್ತಿದ್ದ ತುಷೆಂಗನಿಗೆ ಮಣ್ಣಲ್ಲಿ ಹುಟ್ಟಿದವನಿಗೆ ಮಣ್ಣು ಹತ್ತಲು ಬರುವುದಿಲ್ಲವೇ ಎಂದು ಕೆಣಕಿದಳು.

ಹಿಂತಿರುಗುವಾಗ ಸಂಜೆಯ ಬಿಸಿಲಿನಲ್ಲಿ ಅವಳು ನಮ್ಮ ದೋಣಿಯ ಮುಂಬದಿಯಲ್ಲಿ, ಬಲೆಗಳ ರಾಶಿಗೆ ಒರಗಿ, ಚಪ್ಪಲಿ ಬಿಚ್ಚಿ, ಊದಿದ ಪಾದಗಳನ್ನು ನನ್ನ ಮಗಳ ಮಡಿಲಿಗೆ ಹಾಕಿದ್ದಳು. ಮಗಳಿಗೆ ಆಗ ಆರು ವರ್ಷ. ಅವಳು ಎಡವುತ್ತ ಎಡವುತ್ತ ಮನವಿಮಾಲೆ ಹೇಳುತ್ತಿದ್ದಳು. ಒಂದು ಕಡೆ ಇಡೀ ಸಾಲು ಬಿಟ್ಟಳು. ಅತ್ತೆ ತಿದ್ದುತ್ತಾಳೆಂದು ನಾನು ಕಾದೆ. ತಿರುಗಿ ನೋಡಿದರೆ ಅತ್ತೆ ಬಾಯಿ ಅರ್ಧ ತೆರೆದು, ಮಗುವಿನಂತೆ ನಿದ್ದೆ ಹೋಗಿದ್ದಳು.